ಕಿವಿ ಕಾಣುವ ಸಿಂಹ

ಗಿರ್‌ಗೆ ಹೋದಾಗ ದೇವಳಿಯಾದ ಬೇಲಿಯೊಳಗೆ ಸಿಂಹ ನೋಡುವುದೋ, ಸಾಸಣದಿಂದ ಕಾಡಿಗೇ ಹೋಗುವುದೋ ಎಂದು ಕೇಳಿದವರಿಗೆ ಈ ವಾರ ಉತ್ತರಿಸುತ್ತೇನೆ ಎಂದಿದ್ದೆ. ಉತ್ತರ ಚಿಕ್ಕದು. ದೇವಳಿಯಾ ನಾಲ್ಕು ಚದರ ಕಿಲೋಮೀಟರಿನಷ್ಟು ಜಾಗ, ಸುತ್ತ ಬೇಲಿ. ಬಸ್ಸು ಹತ್ತಿ ಕೂತರೆ ಸಿಂಹ ಕಾಣುವುದು ಹೆಚ್ಚುಕಡಿಮೆ ಖಾತ್ರಿ. ಜತೆಗೆ ವಯಸ್ಸಾದವರು, ಪುಟ್ಟ ಮಕ್ಕಳಿದ್ದರೆ ಅಲ್ಲಿಗೇ ಹೋಗಿ. ಆದರೆ ಬನ್ನೇರುಘಟ್ಟವನ್ನೋ ಶಿವಮೊಗ್ಗದ ತ್ಯಾವರೆಕೊಪ್ಪವನ್ನೋ ನೋಡಿದವರು ಅಷ್ಟಕ್ಕಾಗಿ ಗುಜರಾತಿನವರೆಗೆ ಹೋಗಬೇಕಿಲ್ಲ. ಸಾಸಣದ ಪರ್ಮಿಟ್ ಸಿಗುವ ತನಕ ಕಾಯಿರಿ.

ಇದನ್ನೇ ನಾಲ್ಕು ಪ್ಯಾರಾ ಮಾಡಬೇಕೆಂದು ಕೂತಿದ್ದೆ. ಅಷ್ಟರಲ್ಲಿ ಮಸಾಯಿ ಮಾರ ನೋಡಿ ಬಂದ ಗೆಳೆಯನ ಫೋನು. ‘ಸಿಂಹ ಅಂದ್ರೆ ಆಫ್ರಿಕಾದ್ದು ಕಣೋ. ನಿನ್ನ ಗಿರ್ ಸಿಂಹಕ್ಕೆ ಜೂಲೇ ಇಲ್ಲ!’ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇವತ್ತು ಇದನ್ನು ಇತ್ಯರ್ಥ ಮಾಡಿಯೇ ಬಿಡುತ್ತೇನೆ.

ಮೊದಲನೆಯದಾಗಿ, ಕೇಸರ ದಟ್ಟವಾಗಿದ್ದರಷ್ಟೇ ಸಿಂಹ ಎನ್ನುವವರು ಆಫ್ರಿಕಾವನ್ನೂ ಪೂರ್ತಿ ನೋಡಿಲ್ಲ. ಮಸಾಯಿ ಮಾರ ಇರುವ ಕೆನ್ಯಾದಲ್ಲೇ ತ್ಸಾವೋ ಕಾಡಿದೆ. ಅಲ್ಲಿನ ಎಷ್ಟೋ ಗಂಡುಗಳಿಗೆ ಕೇಸರ ಇಲ್ಲವೆಂದರೂ ನಡೆಯುತ್ತದೆ. 1898ರಲ್ಲಿ ರೈಲು ಸೇತುವೆ ಕಟ್ಟುತ್ತಿದ್ದ ಕೂಲಿಗಳನ್ನು ಹೊತ್ತೊಯ್ದು ಲೋಕವನ್ನೇ ನಡುಗಿಸಿದ ಆ ಎರಡು ಸಿಂಹಗಳೂ ಬೋಳು ಕುತ್ತಿಗೆಯವೇ. ಬಿಸಿಲು ಹೆಚ್ಚಿದ ಸೀಮೆಯಲ್ಲಿ ಕೇಸರ ತೆಳುವಾಗುತ್ತದೆ. ಬೇಸಗೆಯ ಸೌರಾಷ್ಟ್ರದಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಗಿರ್ ಸಿಂಹವನ್ನು ಗುರುತಿಸಲು ಹೊಟ್ಟೆಯಡಿ ಉದ್ದಕ್ಕೆ ಇಳಿಬಿದ್ದ ಚರ್ಮದ ಮಡಿಕೆ ಒಂದು ಲಕ್ಷಣ. ಇನ್ನೊಂದು ಲಕ್ಷಣ ಕಿವಿ. ನೆತ್ತಿಯ ಮೇಲೆ ಕೇಸರ ಕಡಿಮೆಯಾದ್ದರಿಂದ ಗಂಡಿನ ಎರಡೂ ಕಿವಿ ಸದಾ ಕಾಣುತ್ತವೆ. ಆಫ್ರಿಕಾದ ದಟ್ಟ ಕೇಸರದ ಗಂಡಿನಲ್ಲಿ ಅವು ಕೂದಲಲ್ಲೇ ಹುದುಗಿಹೋಗುತ್ತವೆ. ನನ್ನ ಗೆಳೆಯ ಕೊರತೆ ಎಂದದ್ದು ಇದನ್ನೇ. ಸಿಂಹ ಆಲಿಸುವುದನ್ನು ನಾವು ಕಣ್ಣಾರೆ ನೋಡಲು ಸಾಧ್ಯವಾಗುವುದೂ ಇದರಿಂದಲೇ.

ಒಂದು ಫೆಬ್ರವರಿ, ಬೆಳಗಿನ ಸುತ್ತು. ತೇಗದ ಎಲೆ ಉದುರಿ ದಾರಿಯುದ್ದಕ್ಕೂ ಹಾಸಿತ್ತು. ಗೈಡ್ ಜಿಪ್ಸಿಯಿಂದ ಬಗ್ಗಿ ಧೂಳಿನ ಮೇಲಿನ ಹೆಜ್ಜೆ ನೋಡಿದ. ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ಮೇಲೆಲ್ಲ ಇಬ್ಬನಿ ಹನಿದ ಸಣ್ಣ ಸಣ್ಣ ಗುಳಿ. ‘ಇದು ರಾತ್ರಿಯದು’ ಎಂದ. ಇನ್ನಷ್ಟು ಮುಂದೆ ಮತ್ತೊಂದು ಹೆಜ್ಜೆ. ಅಲ್ಲಿ ಇಬ್ಬನಿಗೆ ಕಟ್ಟಿದ ಹೆಪ್ಪು ಒಡೆದು ಒಣ ಧೂಳು ಮೇಲೆದ್ದಿತ್ತು. ಈ ಸಲ ಅವನಾಡಿದ್ದು ಒಂದೇ ಮಾತು: ‘ಸಾವಜ್.’ ಸಿಂಹಕ್ಕೆ ಕಾಠಿಯಾವಾಡದವರ ಹೆಸರು ಅದು. ಇಂಜಿನ್ ಆರಿಸಲು ಸನ್ನೆ ಮಾಡಿದ.

ಹದಿನೈದು ಮಾರು ದೂರದಲ್ಲಿ ಎರಡು ಗಂಡು ಮಲಗಿದ್ದವು. ಗಿರ್‌ನಲ್ಲಿ ಗಂಡುಗಳು ಹೆಚ್ಚಾಗಿ ಹೀಗೆ ಬೇರೆಯಾಗಿಯೇ ಇರುತ್ತವೆ; ಹೆಣ್ಣುಗಳ ಗುಂಪಿಗೆ ಸೇರುವುದು ಕೂಡುವ ಕಾಲಕ್ಕೆ ಅಥವಾ ದೊಡ್ಡ ಬೇಟೆ ಬಿದ್ದಾಗ. ಎರಡೂ ಕಣ್ಣು ಮುಚ್ಚಿದ್ದವು. ಎಷ್ಟು ಹೊತ್ತಾಯಿತೋ, ದೂರದ ಯಾವುದೋ ನೆಸ್ಸಿನಿಂದ ಎಮ್ಮೆಯೊಂದು ಕೂಗಿತು. ನೆಸ್ ಅಂದರೆ ಎಮ್ಮೆ, ದನ ಸಾಕುವ ಮಾಲಧಾರಿಗಳ ಹಟ್ಟಿ, ಮುಳ್ಳುಬೇಲಿಯೊಳಗಿನ ನಾಲ್ಕಾರು ಗುಡಿಸಲು. ನಮ್ಮ ಕಿವಿಗೆ ಆ ದನಿ ಬಿತ್ತೋ ಇಲ್ಲವೋ ಎನ್ನುವಷ್ಟು ಸಣ್ಣದು. ಹತ್ತಿರದ ಸಿಂಹ ಕಣ್ಣು ತೆರೆಯಲಿಲ್ಲ, ತಲೆ ಎತ್ತಲಿಲ್ಲ. ಎಡಗಿವಿ ಮಾತ್ರ ಮೆಲ್ಲಗೆ ಅತ್ತ ಹೊರಳಿ, ಅದರ ಬೆನ್ನಿನ ಕಪ್ಪು ಮಚ್ಚೆ ನಮ್ಮ ಕಡೆಗಾಯಿತು. ಬಲಗಿವಿ ನಮ್ಮ ಜಿಪ್ಸಿಯ ಮೇಲೇ ಇತ್ತು.

ಆಗ ನನಗೆ ನೆನಪಾದವನು ಪಿಂಗಳಕ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಸಿಂಹರಾಜ. ನೀರು ಕುಡಿಯಲು ಹೊಳೆಗೆ ಹೋದ ಪಿಂಗಳಕನಿಗೆ ಹಿಂದೆಂದೂ ಕೇಳದ ದನಿಯೊಂದು ಕೇಳುತ್ತದೆ. ವರ್ತಕನೊಬ್ಬ ಕಾಡಿನಲ್ಲಿ ಬಿಟ್ಟುಹೋದ ಎತ್ತು ಸಂಜೀವಕನ ಗುಟುರು ಅದು. ನೀರು ಮುಟ್ಟದೆ ಹಿಂದಿರುಗಿದವನ ಬಳಿಗೆ ಮಂತ್ರಿಮಗನಾದ ನರಿ ಬಂದು ಇನ್ನೊಂದು ಕಥೆ ಹೇಳುತ್ತದೆ: ಹಾಳುಬಿದ್ದ ರಣರಂಗದಲ್ಲಿ ಹಸಿದ ನರಿಯೊಂದು ಭೇರಿಯ ಸದ್ದಿಗೆ ಬೆದರಿತು, ಹತ್ತಿರ ಹೋಗಿ ನೋಡಿದರೆ ಗಾಳಿಗೆ ಕೊಂಬೆ ಬಡಿದು ಆಗುತ್ತಿದ್ದ ಸದ್ದು, ಒಳಗೆ ಬರೀ ಮರ ಮತ್ತು ತೊಗಲು. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಪಿಂಗಳಕ ಹೆದರಿದ ಎಂದು. ಗಿರ್‌ನ ಆ ಕಿವಿ ನೋಡಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಸಿಂಹ ದನವನ್ನು ಮೊದಲು ಕಿವಿಯಿಂದ ತೂಗುತ್ತದೆ ಎಂಬುದನ್ನು ಕಥೆ ಕಟ್ಟಿದವನು ಬಲ್ಲ. ಇಂದಿನ ಸಿಂಹಕ್ಕಂತೂ ಈ ಕೆಲಸ ಇನ್ನೂ ಹೆಚ್ಚಿದೆ. 2020ರಲ್ಲಿ 674 ಇದ್ದ ಸಿಂಹಗಳು 2025ರ ಎಣಿಕೆಯಲ್ಲಿ 891 ಆಗಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಿರ್ ಅಭಯಾರಣ್ಯದಾಚೆಗೆ, ಹೊಲ, ತೋಟ, ರಸ್ತೆಗಳ ನಡುವೆ ಬದುಕುತ್ತಿವೆ. ಟ್ರ್ಯಾಕ್ಟರ್ ಯಾವುದು, ಎಮ್ಮೆ ಯಾವುದು, ಮನುಷ್ಯನ ಮಾತು ಯಾವುದು ಎಂದು ಅವು ದಿನವೂ ಆಲಿಸಿ ತಿಳಿಯಬೇಕು.

ಆ ಬೆಳಗ್ಗೆ ನಮ್ಮ ಹಿಂದೆ ಇನ್ನೆರಡು ಜಿಪ್ಸಿ ಬಂದವು. ಉದ್ದನೆಯ ಲೆನ್ಸ್ ಹಿಡಿದವರೊಬ್ಬರು ಸಿಂಹ ಮುಖ ಎತ್ತಲೆಂದು ಬಾಗಿಲಿನ ತಗಡಿಗೆ ಎರಡು ಸಲ ಬಡಿದರು. ಮುಖ ಎತ್ತಿತು. ಕಿವಿ ಎರಡೂ ಹಿಂದಕ್ಕೆ ಮಲಗಿದವು. ಎದ್ದು ಪೊದೆ ಸೇರಿದ ಸಿಂಹಗಳು ಮತ್ತೆ ಕಾಣಲಿಲ್ಲ. ಅವರಿಗೆ ಬೇಕಾದ ಫೋಟೊ ಸಿಕ್ಕಿರಬೇಕು. ನಾನು ಈ ಅಂಕಣದಲ್ಲಿ ವರ್ಷಗಳಿಂದ ಜಗಳವಾಡುತ್ತಿರುವುದು ಈ ಪಂಥದ ಜತೆಗೇ. ಕಬಿನಿಯಲ್ಲಿ ಜಿಂಕೆಯ ಕೂಗಿಗೆ, ಮುಸುವದ ಕೆಮ್ಮಿಗೆ ಕಿವಿಗೊಟ್ಟು ಹುಲಿಗಾಗಿ ಗಂಟೆಗಟ್ಟಲೆ ಕಾಯುವ ನಮ್ಮವರೇ ಗಿರ್‌ಗೆ ಹೋದಾಗ, ಸಿಂಹ ಸುಲಭಕ್ಕೆ ಕಾಣುತ್ತದೆಂದು ಆ ಅಭ್ಯಾಸವನ್ನೇ ಮರೆಯುತ್ತಾರೆ. ಕಂಡ ಮೇಲೆ ನೋಡಬೇಕಾದ್ದು ಎಷ್ಟೊಂದು ಉಳಿದಿರುತ್ತದೆ!

ಗಿರ್ ಕಾಡು ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಮುಚ್ಚಿರುತ್ತದೆ. ಅದು ತೆರೆದ ಮೇಲೆ ಹೋಗುವವರು ಸಿಂಹ ಕಂಡ ಕೂಡಲೇ ಇಂಜಿನ್ ಆರಿಸಲು ಹೇಳಿ. ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ. ಅದರ ಕಿವಿಯನ್ನೇ ನೋಡುತ್ತಿರಿ.