ಒಂದು ಪುಟದ ಸೂಚನೆಯ ವಿಮರ್ಶೆ

ಕಥೆ, ಕಾದಂಬರಿಗಳ ವಿಮರ್ಶೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಎತ್ತಿಕೊಂಡಿರೋದು ಒಂದೇ ಪುಟದ ಕೃತಿ: ಒಂದು ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳಿಗೆ ಕೊಡುವ ‘ಇಮೇಲ್ ಸೆಟ್ಟಿಂಗ್ಸ್’ ಹಾಳೆ. ಬರೆದವರ ಹೆಸರಿಲ್ಲ, ತಾರೀಖೂ ಇಲ್ಲ.

ಇದು ನನ್ನ ಕೈಗೆ ಬಂದದ್ದು ಹೀಗೆ. ಯಡಿಯೂರಿನ ನಮ್ಮ ಬಾಡಿಗೆ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಿದ್ದೆ. ಹಾಸ್ಟೆಲಿನಿಂದ ಚಿಕ್ಕಪ್ಪನ ಮಗನ ಫೋನು.

“ಅಣ್ಣಾ, ಮೇಲ್ ಬರ್ತಿದೆ, ಹೋಗ್ತಿಲ್ಲ. ಇಂಟರ್ನ್‌ಶಿಪ್ ಅರ್ಜಿಗೆ ಇವತ್ತು ಹನ್ನೆರಡಕ್ಕೆ ಕೊನೆ. ಯೂನಿವರ್ಸಿಟಿ ಐಡಿಯಿಂದಾನೇ ಕಳಿಸ್ಬೇಕಂತೆ. ಮಧ್ಯಾಹ್ನ ಇದೇ ಲ್ಯಾಪ್‌ಟಾಪಲ್ಲಿ, ಲ್ಯಾಬಿಂದ ಹೋಗಿತ್ತು. ನಾನೇ ಏನೋ ಕೆಡಿಸಿಬಿಟ್ಟೆ ಅನ್ಸುತ್ತೆ.”

ಲ್ಯಾಬಿಗೆ ಬೀಗ ಬಿದ್ದಿತ್ತು. ಬ್ರೌಸರಿನ ವೆಬ್‌ಮೇಲ್ ತೆರೀತಿರಲಿಲ್ಲ. ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಬಂತು. ಹೊರಹೋಗುವ ಮೇಲ್‌ಗೆ ಸರ್ವರಿನ ಹೆಸರು, ಪೋರ್ಟ್ 25, ಪಾಸ್‌ವರ್ಡ್ ಬೇಡ. ತೊಂದರೆಯಾದರೆ ಸೆಟ್ಟಿಂಗ್ಸ್ ಸರಿಯಿದೆಯೇ ನೋಡಿಕೊಳ್ಳಿ ಅಂತ ಕೊನೆಯಲ್ಲಿ ಒಂದು ಸಾಲು. ಪಾಪ, ಅವನು ಏಳೆಂಟು ಸಲ ನೋಡಿಕೊಂಡಿದ್ದ. ಹಾಳೆಯಲ್ಲಿದ್ದ ಹಾಗೇ ಇತ್ತು!

ಈ ಹಾಳೆ ಸುಳ್ಳು ಹೇಳಿಲ್ಲ. ಹಳೇ ಕಾಲದ ನಿಜ ಹೇಳಿದೆ. ಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಅದರಲ್ಲಿ ಪಾಸ್‌ವರ್ಡಿನ ಮಾತೇ ಇರಲಿಲ್ಲ. ನಮ್ಮಲ್ಲಿ 1986ರಲ್ಲಿ ಎರ್ನೆಟ್ ಶುರುವಾದಾಗಲೂ ಅದರಲ್ಲಿದ್ದದ್ದು ಬೆಂಗಳೂರಿನ ಐಐಎಸ್‌ಸಿ, ಐದು ಐಐಟಿಗಳು ಸೇರಿ ಬೆರಳೆಣಿಕೆಯ ಸಂಸ್ಥೆಗಳು. ಹಳ್ಳಿಯಲ್ಲಿ ಬಾಗಿಲು ತೆರೆದಿಟ್ಟು ಹೊಲಕ್ಕೆ ಹೋದ ಹಾಗೆ. ಆಮೇಲೆ ಸ್ಪ್ಯಾಮ್ ಬಂತು. ವೈರಸ್ ಹತ್ತಿದ ಒಂದು ಲ್ಯಾಪ್‌ಟಾಪು 25ರ ಮೂಲಕ ಸಾವಿರಾರು ಮೇಲ್ ಉಗುಳಿದರೆ ಇಡೀ ಕ್ಯಾಂಪಸ್ಸಿನ ವಿಳಾಸವೇ ಕಪ್ಪುಪಟ್ಟಿಗೆ ಸೇರುತ್ತದೆ. ಅದಕ್ಕೇ ಹಾಸ್ಟೆಲ್ ವೈಫೈಗಳಲ್ಲಿ 25 ಮುಚ್ಚುತ್ತಾರೆ. ಮುಚ್ಚಿದ್ದು ತಪ್ಪಲ್ಲ. ಜನ ತಮ್ಮ ಮೇಲ್ ಒಪ್ಪಿಸುವುದಕ್ಕೆ ಅಂತ 587ನೇ ಪೋರ್ಟನ್ನು 1998ರಲ್ಲೇ ಗೊತ್ತುಮಾಡಿದ್ದಾರೆ. ಅಲ್ಲಿ ಮಾಮೂಲಿಯಾಗಿ ಪಾಸ್‌ವರ್ಡ್ ಕೊಟ್ಟೇ ಒಳಗೆ ಹೋಗಬೇಕು. ಬರುವ ಮೇಲ್‌ನ ದಾರಿಯೇ ಬೇರೆಯಾದ್ದರಿಂದ ಅದು ಬರುತ್ತಲೇ ಇರುತ್ತದೆ.

“ಟರ್ಮಿನಲ್ ತೆಗೆದು ಟೆಲ್ನೆಟ್, ಸರ್ವರ್ ಹೆಸರು, 25 ಅಂತ ಹೊಡಿ” ಅಂದೆ.

“ಸುಮ್ನೆ ನಿಂತಿದೆ ಅಣ್ಣ.”

“ಈಗ 587 ಹಾಕು.”

“220 ಅಂತ ಏನೋ ಬಂತು!”

ಆ 220 ಅಂದರೆ ಸರ್ವರ್ ‘ಬಾಪ್ಪಾ, ಏನು ಬೇಕು’ ಅಂದ ಹಾಗೆ. ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್, ಯೂಸರ್‌ನೇಮು, ಪಾಸ್‌ವರ್ಡು. ಹನ್ನೊಂದೂ ನಲವತ್ತಕ್ಕೆ ಅರ್ಜಿ ಹೋಯಿತು.

ಈ ಕೃತಿಯ ಮೇಲೆ ನನ್ನ ತಕರಾರು ಹಳೇ ನಂಬರ್ ಇದೆ ಅಂತಲ್ಲ. ನಂಬರ್ ಕೊಟ್ಟು ಕಾರಣ ಕೊಟ್ಟಿಲ್ಲ ಅಂತ. ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಮಾಡಲ್ಲ ಅಂತ ಹೇಳಿಲ್ಲ. ಕಾರಣ ಗೊತ್ತಿಲ್ಲದವನು ಕೊನೆಗೆ ತನ್ನನ್ನೇ ಅನುಮಾನಿಸುತ್ತಾನೆ. ಅಪ್ಪ ಇಂಜಿನಿಯರ್ ಆಗಿರುವ ಹುಡುಗ ‘ನೆಟ್‌ವರ್ಕ್ ಸರಿಯಿಲ್ಲ’ ಅಂತ ಬೈದು ಮುಂದೆ ಹೋಗ್ತಾನೆ. ಕನ್ನಡ ಮೀಡಿಯಂನಿಂದ ಬಂದ ನಮ್ಮ ಹುಡುಗ ‘ನಾನೇ ಕೆಡಿಸಿದೆ’ ಅಂತಾನೆ. ಬಿಇ ಮೊದಲ ವರ್ಷ ನಾನೂ ಪ್ರತಿಯೊಂದಕ್ಕೂ ಹಾಗೇ ಅಂದುಕೊಳ್ಳುತ್ತಿದ್ದೆ. ಅದು ಹೋಗೋಕೆ ಬಹಳ ವರ್ಷ ಹಿಡಿಯಿತು.

ನಾಲ್ಕು ಸಾಲು ಸಾಕಿತ್ತು: ‘ಹಾಸ್ಟೆಲಿನಲ್ಲಿ, ಮನೆಯಲ್ಲಿ 587 ಬಳಸಿ. ಸ್ಪ್ಯಾಮ್ ತಡೆಯಲು 25 ಮುಚ್ಚಿದ್ದೇವೆ. ಮೇಲ್ ಬಂದು, ಹೋಗದಿದ್ದರೆ ಮೊದಲು ಇದನ್ನು ನೋಡಿ. ತಪ್ಪು ನಿಮ್ಮದಾಗಿರಬೇಕಿಲ್ಲ.’

ಇಷ್ಟು ಬರೆದ ಮೇಲೆ, ಆಫೀಸಿನಲ್ಲಿ ಹೊಸಬರಿಗೆ ಅಂತ ನಾನೇ ಮಾಡಿದ್ದ ಸೆಟಪ್ ಹಾಳೆಯನ್ನು ತೆಗೆದು ನೋಡಿದೆ. ಹದಿನಾಲ್ಕು ಹೆಜ್ಜೆ ಇದ್ದವು. ‘ಯಾಕೆ’ ಅನ್ನೋದು ಒಂದು ಕಡೆಯೂ ಇರಲಿಲ್ಲ. ಈಗ ಕೂತು ಸೇರಿಸ್ತಾ ಇದ್ದೀನಿ.