ಬಾಲದ ಹತ್ತು ಗ್ರಾಂ

ಮೋಟಾರು ಜೋರಾಗಿದ್ದರೆ ಯಾವ ಮಾಡೆಲ್ ವಿಮಾನವಾದರೂ ಹಾರುತ್ತದೆ ಎಂಬ ನಂಬಿಕೆ ಹವ್ಯಾಸಿಗಳಲ್ಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲೂ ಗಟ್ಟಿಯಾಗಿ ಬೇರೂರಿದೆ. ಅದಕ್ಕೇ ಮೊದಲು ಮೋಟಾರು, ಬ್ಯಾಟರಿ, ರಿಮೋಟ್ ಕೊಳ್ಳುತ್ತಾರೆ. ರೆಕ್ಕೆ, ಬಾಲವೆಂದರೆ ಥರ್ಮೋಕೋಲ್ ಕತ್ತರಿಸುವ ಮಕ್ಕಳ ಕೈಕೆಲಸ ಎಂದು ಕೊನೆಯ ವಾರಕ್ಕೆ ದೂಡುತ್ತಾರೆ. ಈ ಕ್ರಮವೇ ತಲೆಕೆಳಗಾಗಿದೆ. ವಿಮಾನ ಹಾರುವುದೋ ಬೀಳುವುದೋ ಬಹುಮಟ್ಟಿಗೆ ತೀರ್ಮಾನವಾಗುವುದು ತಕ್ಕಡಿಯ ಮೇಲೆ.

ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಎರಡು-ಮೂರು ಕಿಲೋ ತೂಕದ, ಒಂದೂವರೆ ಮೀಟರ್ ಆಸುಪಾಸಿನ ರೆಕ್ಕೆಹರವಿನ ಈ ಹಕ್ಕಿ ಹಿಮಾಲಯ ದಾಟಿ ಇಲ್ಲಿಗೆ ಇಳಿಯುತ್ತದೆ. ಅದರ ರೆಕ್ಕೆ ಬಡಿಯುವ ಭಾರದ ಸ್ನಾಯುಗಳೆಲ್ಲ ಎದೆಯಲ್ಲಿ, ರೆಕ್ಕೆಯ ಬುಡಕ್ಕೆ ಹತ್ತಿರ. ಬಾಲದಲ್ಲಿ ಹೆಚ್ಚುಕಡಿಮೆ ಗರಿಗಳಷ್ಟೇ. ನಮ್ಮ ಹುಡುಗರು ಕಟ್ಟುವ ವಿಮಾನಗಳಲ್ಲಿ ಬಾಲವೇ ಭಾರ.

ಲೆಕ್ಕ ಹಾಕಿ ನೋಡೋಣ. ಒಂದು ಮೀಟರ್ ಉದ್ದ, 20 ಸೆಂ.ಮೀ. ಅಗಲದ ರೆಕ್ಕೆ, ಒಟ್ಟು 900 ಗ್ರಾಂ ತೂಕ. ಇಂಥ ವಿಮಾನದ ಗುರುತ್ವಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ 5-6 ಸೆಂ.ಮೀ. ಹಿಂದೆ ನಿಲ್ಲಬೇಕು. ಬಾಲದ ಕೀಲಿಗೆ ಬಿಸಿ ಅಂಟನ್ನು ಧಾರಾಳವಾಗಿ ಸುರಿದು 10 ಗ್ರಾಂ ಹೆಚ್ಚಿಸಿದೆವು ಎನ್ನಿ. ಬಾಲ ಆ ಕೇಂದ್ರದಿಂದ 60 ಸೆಂ.ಮೀ. ದೂರ, ಮೂತಿ 20 ಸೆಂ.ಮೀ. ಮಾತ್ರ. ಸಮತೋಲಕ್ಕೆ ಮೂತಿಯಲ್ಲಿ 30 ಗ್ರಾಂ ಸೀಸ ಕಟ್ಟಬೇಕು. ಬಾಲದ 10 ಗ್ರಾಂ ಹೀಗೆ 40 ಗ್ರಾಂ ಆಯಿತು. ಸೀಸ ಕಟ್ಟದೆ ಹಾಗೇ ಬಿಟ್ಟರೆ ಮೂತಿ ಮೇಲೆದ್ದು, ವೇಗ ಸತ್ತು, ವಿಮಾನ ಒಂದು ಮಗ್ಗುಲಿಗೆ ಕುಸಿಯುತ್ತದೆ.

ಬ್ಯಾಟರಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯೂ ಇದಕ್ಕೇ ಅಂಟಿಕೊಂಡಿದೆ. ಮೂರು ಸೆಲ್‌ನ 2200 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ ಸುಮಾರು 180 ಗ್ರಾಂ ತೂಗುತ್ತದೆ. ಅದನ್ನು 2 ಸೆಂ.ಮೀ. ಮುಂದಕ್ಕೆ ಸರಿಸಿದರೆ ಇಡೀ ವಿಮಾನದ ಗುರುತ್ವಕೇಂದ್ರ 4 ಮಿ.ಮೀ. ಮುಂದೆ ಬರುತ್ತದೆ, ಒಂದು ಗ್ರಾಂ ಸೀಸವಿಲ್ಲದೆ. ಬ್ಯಾಟರಿ ಹಿಂದೆ ಮುಂದೆ ಸರಿಯುವಷ್ಟು ಜಾಗ ಬಿಟ್ಟೇ ಒಡಲು ಕಟ್ಟಬೇಕು. ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳನ್ನು ರೆಕ್ಕೆಯ ಹತ್ತಿರ ಕೂರಿಸಿ ಬಾಲಕ್ಕೆ ತಂತಿ ಎಳೆಯಬೇಕು. ಎಲ್ಲ ಅಂಟಿಸಿ ಮುಚ್ಚಿದ ಮೇಲೆ ಈ ಕೆಲಸ ಆಗುವುದಿಲ್ಲ.

ಭಾರವಾದರೇನು, ದೊಡ್ಡ ಮೋಟಾರು ಹಾಕಿದರಾಯಿತು ಎನ್ನುವವರಿಗೆ ಉತ್ತರ ಇಳಿಯುವಾಗ ಸಿಗುತ್ತದೆ. ದೊಡ್ಡ ಮೋಟಾರಿಗೆ ದೊಡ್ಡ ಬ್ಯಾಟರಿ ಬೇಕು, ಅದನ್ನು ಹೊರಲು ಗಟ್ಟಿ ಒಡಲು ಬೇಕು. 900 ಗ್ರಾಂ ಇದ್ದದ್ದು 1300 ಆಗುತ್ತದೆ. ಅದೇ ರೆಕ್ಕೆ ಈಗ ಗಾಳಿಯಲ್ಲಿ ನಿಲ್ಲಲು ಶೇ. 20ರಷ್ಟು ಹೆಚ್ಚು ವೇಗ ಕೇಳುತ್ತದೆ. ನೆಲಕ್ಕೆ ಬಡಿಯುವ ಶಕ್ತಿ ಎರಡು ಪಟ್ಟಾಗುತ್ತದೆ. ಹೊಸಬರ ಕೈಯಲ್ಲಿ ಅಂಥ ವಿಮಾನ ಉಳಿಯುವುದು ಕಷ್ಟ. ಕಲಿಕೆಯ ವಿಮಾನಕ್ಕೆ ತನ್ನ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಳೆತವಿದ್ದರೆ ಧಾರಾಳವಾಗಿ ಮೇಲೇರುತ್ತದೆ.

ಇನ್ನು ಮೋಟಾರಿನ ಮೇಲೆ ಬರೆದಿರುವ ಕೆವಿ ಸಂಖ್ಯೆಯನ್ನೇ ಬಲವೆಂದು ತಿಳಿಯುವವರು ಬಹಳ. ಅದು ಹೊರೆಯಿಲ್ಲದಾಗ ಒಂದು ವೋಲ್ಟಿಗೆ ಎಷ್ಟು ಸುತ್ತು ಎಂಬುದಷ್ಟೆ. 1000 ಕೆವಿ ಮೋಟಾರಿಗೆ 10 ಇಂಚಿನ ಪ್ರೊಪೆಲ್ಲರ್ ಹೊಂದುತ್ತದೆ. ಹೆಚ್ಚು ಒಳ್ಳೆಯದೆಂದು ಅದೇ ಗಾತ್ರದ 2200 ಕೆವಿ ಮೋಟಾರು ತಂದು ಅದೇ ಪ್ರೊಪೆಲ್ಲರ್ ಸಿಕ್ಕಿಸಿದರೆ ಕರೆಂಟು ಮಿತಿಮೀರಿ ಮೋಟಾರೋ ವೇಗ ನಿಯಂತ್ರಕವೋ ಸುಟ್ಟುಹೋಗುತ್ತದೆ.

ಓಲಾಟವನ್ನು ತಾನೇ ತಿದ್ದುವ ಜೈರೊ ಅಳವಡಿಸಿದ ಸಿದ್ಧ ವಿಮಾನ ಸಿಗುವಾಗ ಈ ಪಾಡೆಲ್ಲ ಏಕೆ ಎಂಬ ಪ್ರಶ್ನೆಯಲ್ಲಿ ತಿರುಳಿದೆ. ರಿಮೋಟಿನ ಕೋಲು ಹಿಡಿದು ಹಾರಿಸುವುದನ್ನು ಕಲಿಯಲು ಅದು ಒಳ್ಳೆಯದೇ, ನಾನೂ ಅದನ್ನೇ ಸೂಚಿಸುತ್ತೇನೆ. ಆದರೆ ಜೈರೊ ತಪ್ಪು ಸಮತೋಲವನ್ನು ಸರಿಪಡಿಸುವುದಿಲ್ಲ, ಒಂದಷ್ಟು ಹೊತ್ತು ಮುಚ್ಚಿಡುತ್ತದೆ. ಎನ್‌ಸಿಸಿಯ ವಾಯು ವಿಭಾಗ ಇಂದಿಗೂ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಕಲಿಸುವುದು ಸುಮ್ಮನಲ್ಲ.

ಎಲ್ಲಿ ಹಾರಿಸಬೇಕೆಂಬುದರಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ. 2021ರ ಡ್ರೋನ್ ನಿಯಮಗಳು ಕಲಿಕೆ, ಮನರಂಜನೆಗಾಗಿ ಕಣ್ಣಳತೆಯಲ್ಲಿ ಹಾರಿಸುವ, 25 ಕಿಲೋ ಮೀರದ ಮಾಡೆಲ್‌ಗಳನ್ನು ಪ್ರತ್ಯೇಕವಾಗಿ ಗುರುತಿಸಿ ಕೆಲವು ವಿನಾಯಿತಿ ಕೊಟ್ಟಿವೆ. ಬಯಲು ಕಂಡಲ್ಲೆಲ್ಲ ಹಾರಿಸಬಹುದೆಂದು ಅದರ ಅರ್ಥವಲ್ಲ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ತಾಣವಾಗಿದೆ. ಹೆಬ್ಬಾತುಗಳು ಕೆರೆಯಲ್ಲಷ್ಟೇ ಇರುವುದಿಲ್ಲ, ಸುತ್ತಲ ಹೊಲಗಳಿಗೆ ಮೇಯಲು ಹೋಗಿಬರುತ್ತವೆ. ಚಳಿಗಾಲದಲ್ಲಿ ಆ ಕೆರೆಯನ್ನೂ ಆ ಹೊಲಗಳನ್ನೂ ಬಿಟ್ಟು ಬಹಳ ದೂರ ಹೋಗಿ ಹಾರಿಸಬೇಕು. ಇದರಲ್ಲಿ ಚೌಕಾಸಿ ಸಲ್ಲದು.

ಮಾಡೆಲ್ ವಿಮಾನದ ಪ್ರಾಜೆಕ್ಟಿಗೆ ಅಂಕ ಕೊಡುವ ಮೇಷ್ಟ್ರುಗಳು ಮೋಟಾರಿನ ಫೋಟೊಕ್ಕಿಂತ ಮೊದಲು ಬಿಡಿಭಾಗಗಳ ತೂಕದ ಪಟ್ಟಿ ಕೇಳಲಿ. ಬಾಲದ ತೂಕ ಅದರಲ್ಲಿ ಮೊದಲ ಸಾಲಿನಲ್ಲಿರಲಿ.