ಆಟಕ್ಕುಂಟು ಲೆಕ್ಕಕ್ಕಿಲ್ಲ

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಆಟಗಳಿಗೆ ತಮ್ಮನನ್ನೋ ತಂಗಿಯನ್ನೋ ಕರೆದುಕೊಂಡು ಹೋಗಲೇಬೇಕಾದ ದಿನ ನಮಗೊಂದು ಉಪಾಯವಿತ್ತು. ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದುಬಿಡುತ್ತಿದ್ದೆವು. ಆ ಮಗು ಎಲ್ಲರ ಜೊತೆ ಓಡುತ್ತಿತ್ತು, ಬೀಳುತ್ತಿತ್ತು, ಕೂಗುತ್ತಿತ್ತು. ಗೆದ್ದರೂ ಸೋತರೂ ಅದರ ಹೆಸರು ಮಾತ್ರ ಯಾವ ಎಣಿಕೆಯಲ್ಲೂ ಬರುತ್ತಿರಲಿಲ್ಲ. ಆ ಮಾತು ಎಷ್ಟೋ ವರ್ಷಗಳ ಮೇಲೆ ನನಗೆ ನೆನಪಾದದ್ದು ಅಮೆರಿಕದ ಸಿನ್ಸಿನಾಟಿಯಲ್ಲಿ. ಅದೂ ನೂರಮೂವತ್ತು ಕಿಲೋದ ಮೇಲೆ ತೂಗುವ ಐದು ಜನ ಗಂಡಸರನ್ನು ನೋಡಿ!

2021ರ ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಶಾಲೆಗೆ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಹೊರಗೆ ಮೈ ಕೊರೆಯುವ ಚಳಿ. ಒಳಗೆ ಕೂಸಿನ ಎಣ್ಣೆ-ನೀರು, ಬಾಣಂತಿಯ ಪಥ್ಯ. ಭಾನುವಾರ ಬಂತೆಂದರೆ ನಮ್ಮ ಅಳಿಯಂದಿರು ಟಿ.ವಿ. ಮುಂದೆ ಕೂರುವರು. ಪಕ್ಕದ ಮನೆಯ ಹಿರಿಯರೊಬ್ಬರೂ ಬರುವರು. ಅವರು ಅಂಚೆ ಕಚೇರಿಯ ಕೆಲಸದಿಂದ ನಿವೃತ್ತರಾದವರು. ಇಬ್ಬರೂ ಬೆಂಗಾಲ್ಸ್ ಎಂಬ ಸ್ಥಳೀಯ ತಂಡದ ಭಕ್ತರು. ಹೆಸರು ನಮ್ಮ ಬಂಗಾಳದ ಹುಲಿಯದೇ. ಆದರೆ ಆ ಹುಲಿ 1991ರ ಜನವರಿಯ ನಂತರ ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಗೆದ್ದಿರಲಿಲ್ಲ.

ಅಲ್ಲಿನ ಫುಟ್ಬಾಲ್ ನಮ್ಮ ಫುಟ್ಬಾಲ್ ಅಲ್ಲ. ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದು ಕಡೆಗೆ 11 ಜನ. ಎಸೆಯುವವನು ಕ್ವಾರ್ಟರ್‌ಬ್ಯಾಕ್, ಅವನೇ ಮನೆಯ ಯಜಮಾನ. ದೂರ ಓಡಿ ಆ ಚೆಂಡನ್ನು ಹಿಡಿಯುವವನು ರಿಸೀವರ್, ಅವನು ಕಣ್ಮಣಿ. ಎಸೆಯುವವನ ಮುಂದೆ ಐದು ಜನ ಗೋಡೆಯಂತೆ ನಿಲ್ಲುತ್ತಾರೆ. ನಡುವೆ ಒಬ್ಬ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಇದಕ್ಕೆ ಆಫೆನ್ಸಿವ್ ಲೈನ್ ಎನ್ನುತ್ತಾರೆ. ಎದುರಾಳಿಗಳು ನುಗ್ಗಿ ಬಂದು ಯಜಮಾನನನ್ನು ಕೆಡವದಂತೆ ಎರಡು ಮೂರು ಕ್ಷಣ ತಡೆದು ನಿಲ್ಲುವುದೇ ಅವರ ಕೆಲಸ. ಕೆಡವಿದರೆ ಅದು ‘ಸ್ಯಾಕ್’.

ಪಂದ್ಯ ಮುಗಿದ ಮೇಲೆ ಬರುವ ಅಂಕಿಅಂಶಗಳಲ್ಲಿ ಎಸೆದವನ ಲೆಕ್ಕವಿದೆ, ಹಿಡಿದವನ ಲೆಕ್ಕವಿದೆ, ಕೆಡವಿದವನ ಲೆಕ್ಕವೂ ಇದೆ. ತಡೆದವನದು ಇಲ್ಲ. ತಪ್ಪು ಮಾಡಿದರೆ ಮಾತ್ರ ಪಂಚರು ಧ್ವನಿವರ್ಧಕದಲ್ಲಿ ಅವನ ಅಂಗಿಯ ಸಂಖ್ಯೆಯನ್ನು ಊರಿಗೆಲ್ಲ ಕೇಳುವಂತೆ ಸಾರುತ್ತಾರೆ. ನನಗೆ ‘ಲೆಕ್ಕಕ್ಕಿಲ್ಲ’ ಎಂಬ ಮಾತು ನೆನಪಾದದ್ದು ಆಗಲೇ.

ಅಳಿಯಂದಿರಿಗೂ ಆ ಹಿರಿಯರಿಗೂ ಇದ್ದ ವಾದ ಆ ಐವರದ್ದೇ. ಅದರ ಮೂಲ 2020ರಲ್ಲಿದೆ. ಆ ವರ್ಷ ತಂಡ ಜೋ ಬರೋ ಎಂಬ ಯುವಕನನ್ನು ಕ್ವಾರ್ಟರ್‌ಬ್ಯಾಕ್ ಆಗಿ ತಂದಿತು. ಹತ್ತೇ ಪಂದ್ಯಗಳಲ್ಲಿ ಅವನನ್ನು 32 ಬಾರಿ ಕೆಡವಿದರು. ನವೆಂಬರ್ 22ರಂದು ವಾಷಿಂಗ್ಟನ್‌ನಲ್ಲಿ ಎಡ ಮೊಣಕಾಲಿನ ಅಸ್ಥಿರಜ್ಜು ಹರಿದು ಅವನ ಆ ವರ್ಷದ ಆಟ ಮುಗಿಯಿತು. ಮುಂದಿನ ಏಪ್ರಿಲ್‌ನಲ್ಲಿ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯಿತು. ಬೆಂಗಾಲ್ಸ್‌ನದು ಐದನೆಯ ಸರದಿ. ಎರಡು ಹೆಸರುಗಳು ಊರನ್ನೇ ಇಬ್ಭಾಗ ಮಾಡಿದವು. ಒಂದು ಪೆನೇ ಸೂವೆಲ್, ಬಂಡೆಯಂಥ ಟ್ಯಾಕಲ್. ಇನ್ನೊಂದು ಜಮಾರ್ ಚೇಸ್, ಕಾಲೇಜಿನಲ್ಲಿ ಬರೋ ಜೊತೆಗೇ ಆಡಿದ್ದ ರಿಸೀವರ್. ತಂಡ ಆರಿಸಿದ್ದು ಚೇಸ್‌ನನ್ನು. ಸೂವೆಲ್ ಏಳನೆಯ ಸರದಿಯಲ್ಲಿ ಡೆಟ್ರಾಯಿಟ್ ಪಾಲಾದ.

ನಾನು ಹೋಗುವ ಹೊತ್ತಿಗೆ ಆಯ್ಕೆ ಮುಗಿದು ಎಂಟು ತಿಂಗಳಾಗಿದ್ದರೂ ವಾದ ಮುಗಿದಿರಲಿಲ್ಲ. ‘ಕಾಲು ಮುರಿದವನಿಗೆ ಊರುಗೋಲು ಕೊಡಬೇಕೋ ಹೊಸ ಅಂಗಿ ಕೊಡಬೇಕೋ, ನೀವೇ ಹೇಳಿ ಅತ್ತೆ’ ಎಂದು ಅಳಿಯಂದಿರು ನನ್ನನ್ನು ಪಂಚಾಯಿತಿಗೆ ಎಳೆದರು. ಅವರದು ಸೂವೆಲ್ ಪಕ್ಷ. ಹಿರಿಯರದು ಚೇಸ್ ಪಕ್ಷ. ‘ಸಾಲು ಎಂದರೆ ಐದು ಜನ. ಒಬ್ಬ ಬಂದರೆ ಉಳಿದ ನಾಲ್ಕು ತೂತುಗಳನ್ನು ಏನು ಮಾಡುತ್ತೀರಿ? ಬೇಗ ಬಿಡಿಸಿಕೊಂಡು ಓಡುವವನಿದ್ದರೆ ಚೆಂಡು ಬೇಗ ಕೈ ಬಿಡುತ್ತದೆ, ಏಟೂ ತಪ್ಪುತ್ತದೆ’ ಎನ್ನುವರು. ಟಿ.ವಿ.ಯಲ್ಲಿ ಮೂರನೆಯ ಪಕ್ಷದವರೂ ಇದ್ದರು: ತಪ್ಪು ಸಾಲಿನದಲ್ಲ, ಬರೋನೇ ಚೆಂಡನ್ನು ಹೆಚ್ಚು ಹೊತ್ತು ಹಿಡಿದುಕೊಂಡು ನಿಲ್ಲುತ್ತಾನೆ ಎನ್ನುವವರು.

ಉತ್ತರಪತ್ರಿಕೆ ತಿದ್ದುವ ಅಭ್ಯಾಸದವಳಾದ ನಾನು ಮನಸ್ಸಿನಲ್ಲೇ ಅಂಕ ಕೊಡತೊಡಗಿದೆ. ಮೂರೂ ಉತ್ತರಗಳಲ್ಲಿ ಸತ್ಯವಿತ್ತು. ಮೊದಲ ವರ್ಷವೇ ಚೇಸ್ 1,455 ಗಜ ಸಂಪಾದಿಸಿ ವರ್ಷದ ಶ್ರೇಷ್ಠ ಹೊಸ ಆಟಗಾರರಲ್ಲೊಬ್ಬನೆಂಬ ಪ್ರಶಸ್ತಿ ಪಡೆದ, ಹಿರಿಯರು ಗೆದ್ದರು. ಅದೇ ವರ್ಷ ಲೀಗ್ ಪಂದ್ಯಗಳಲ್ಲಿ ಬರೋನನ್ನು 51 ಬಾರಿ ಕೆಡವಿದರು, ಇಡೀ ಲೀಗಿನಲ್ಲೇ ಅತಿ ಹೆಚ್ಚು, ಅಳಿಯಂದಿರೂ ಗೆದ್ದರು. ಆದರೆ ಎಲ್ಲ ಉತ್ತರಗಳಲ್ಲೂ ಒಂದೇ ಕೊರತೆ ಇತ್ತು. ಸಾಲನ್ನು ಎಲ್ಲರೂ ಅಂಗಡಿಯಿಂದ ಬಿಡಿಭಾಗ ತಂದು ಸರಿಮಾಡುವ ಪಂಪ್‌ಸೆಟ್ಟಿನಂತೆ ಮಾತಾಡುತ್ತಿದ್ದರು. ಯಾರನ್ನು ತರಬೇಕು, ಯಾರನ್ನು ಕಳಿಸಬೇಕು, ಇಷ್ಟೇ. ಆ ಐವರು ಒಬ್ಬರೊಡನೊಬ್ಬರು ಹೇಗಿದ್ದಾರೆ ಎಂದು ಯಾರೂ ಕೇಳಲಿಲ್ಲ.

ನನಗೆ ಅದು ಹೊಳೆದದ್ದೂ ಆ ಹಿರಿಯರಿಂದಲೇ. ಅವರು ಹುಡುಗರಾಗಿದ್ದಾಗ ಹೈಸ್ಕೂಲಿನ ತಂಡದಲ್ಲಿ ಗಾರ್ಡ್ ಆಗಿದ್ದವರಂತೆ. ಒಂದು ದಿನ ನನ್ನ ತೊಡೆಯ ಮೇಲಿದ್ದ ಕೂಸು ನಿದ್ದೆಹೋಗಿತ್ತು. ಅವರು ದನಿ ತಗ್ಗಿಸಿ, ‘ಚೆಂಡನ್ನು ನೋಡಬೇಡಿ. ಈ ಇಬ್ಬರ ನಡುವಿನ ಜಾಗವನ್ನು ನೋಡಿ’ ಎಂದು ಆಟವನ್ನು ಹಿಂದೆ ತಿರುಗಿಸಿ ತೋರಿಸಿದರು. ಎದುರಿನ ಇಬ್ಬರು ನೇರ ನುಗ್ಗದೆ ಕತ್ತರಿಯಂತೆ ಅಡ್ಡ ಹಾಯ್ದರು. ಆಗ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ಒಪ್ಪಿಸಿ, ಟ್ಯಾಕಲ್‌ನವನನ್ನು ತಾನು ತೆಗೆದುಕೊಳ್ಳಬೇಕು. ಮಾತಾಡಲು ಸಮಯವಿಲ್ಲ. ಇಬ್ಬರೂ ಒಬ್ಬನನ್ನೇ ಹಿಡಿದರೆ ಇನ್ನೊಬ್ಬ ನಡುವಿನಿಂದ ನುಸುಳಿ ಯಜಮಾನನ ಮೇಲೆ ಬೀಳುತ್ತಾನೆ. ಅಂದು ಹಾಗೇ ಆಯಿತು. ‘ತಪ್ಪು ಯಾರದು?’ ಎಂದು ಕೇಳಿದೆ. ಅವರು ನಕ್ಕು, ‘ನಾಳೆ ಪತ್ರಿಕೆಯಲ್ಲಿ ಒಬ್ಬರದು ಅಂತ ಬರುತ್ತೆ’ ಎಂದರು.

ನಮ್ಮ ಕಬಡ್ಡಿಯ ಸರಪಳಿ ನನ್ನ ಕಣ್ಣ ಮುಂದೆ ಬಂತು. ತಾಲ್ಲೂಕು ಕ್ರೀಡಾಕೂಟಗಳಿಗೆ ಹುಡುಗಿಯರನ್ನು ಕರೆದುಕೊಂಡು ಹೋದವರಿಗೆಲ್ಲ ಗೊತ್ತಿದೆ: ದಾಳಿಗೆ ಬಂದವಳನ್ನು ಹಿಡಿಯುವುದು ಒಬ್ಬಳ ಬಲವಲ್ಲ, ಪಕ್ಕದವಳ ಕೈಯನ್ನು ಬಿಡದಿರುವುದು.

ಆ ದಿನಗಳಲ್ಲಿ ಈ ಆಟದ ಕುರಿತ ‘ದಿ ಬ್ಲೈಂಡ್ ಸೈಡ್’ ಎಂಬ 2009ರ ಚಿತ್ರವನ್ನೂ ಮಗಳು ತೋರಿಸಿದಳು. ಮೈಕೆಲ್ ಓಹರ್ ಎಂಬ ಟ್ಯಾಕಲ್‌ನ ಬದುಕಿನ ಕಥೆ. ಎಲ್ಲರೂ ಕಣ್ಣೊರೆಸಿಕೊಂಡ ಚಿತ್ರ. ನನಗೆ ಅದು ರುಚಿಸಲಿಲ್ಲ. ಸಾಲಿನ ಕೆಲಸವನ್ನು ಅದು ಒಬ್ಬ ಮುಗ್ಧ ಹುಡುಗನ ಕಾಪಾಡುವ ಸ್ವಭಾವವನ್ನಾಗಿ, ಒಬ್ಬ ತಾಯಿ ಅಂಗಳಕ್ಕಿಳಿದು ಹೇಳಿಕೊಟ್ಟ ಒಂದು ಮಾತಿನ ಫಲವನ್ನಾಗಿ ಮಾಡಿಬಿಡುತ್ತದೆ. ತನಗೆ ಆಟ ತಿಳಿಯದೆಂಬಂತೆ ತೋರಿಸಿದ್ದು ಓಹರ್‌ಗೇ ನೋವಾಗಿ, 2011ರ ತನ್ನ ಪುಸ್ತಕದಲ್ಲಿ ಅದನ್ನು ಹೇಳಿಕೊಂಡಿದ್ದಾನೆ. ಕಾಣದ ಕೆಲಸವನ್ನು ಕಾಣಿಸಹೊರಟವರು ಕೂಡ ಅದರ ವಿದ್ಯೆಯನ್ನು ಕಾಣದೆ ಹೋದರು.

ತಂಡ ಆ ವರ್ಷ ಎಲ್ಲರಿಗೂ ಆಶ್ಚರ್ಯವಾಗುವಂತೆ ಗೆಲ್ಲುತ್ತಾ ಹೋಯಿತು. 2022ರ ಜನವರಿ 15ರಂದು 31 ವರ್ಷಗಳ ಬರ ನೀಗಿತು. ಮುಂದಿನ ವಾರ ಟೆನೆಸಿಯವರು ಬರೋನನ್ನು ಒಂಬತ್ತು ಸಲ ಕೆಡವಿದರೂ ಬೆಂಗಾಲ್ಸ್ 19-16ರಿಂದ ಗೆದ್ದರು. ಫೆಬ್ರವರಿ 13ರಂದು ಸೂಪರ್ ಬೌಲ್. ಏಳು ಸಲ ಕೆಡವಿದರು. ಕೊನೆಯ ನಿಮಿಷ, ಮೂರು ಅಂಕಗಳ ಹಿನ್ನಡೆ. ಬರೋ ಎಸೆಯಲು ಕೈ ಎತ್ತುವಷ್ಟರಲ್ಲಿ ಎದುರಾಳಿ ಏರನ್ ಡೊನಾಲ್ಡ್ ಸಾಲನ್ನು ಸೀಳಿ ಬಂದು ಅವನನ್ನು ಹಿಡಿದ. ಚೆಂಡು ಎತ್ತಲೋ ಬಿತ್ತು. 23-20ರಿಂದ ಸೋಲು. ಮರುಪ್ರದರ್ಶನದಲ್ಲಿ ನೋಡಿದರೆ, ದೂರದಲ್ಲಿ ಚೇಸ್ ತನ್ನ ಕಾವಲಿನವನನ್ನು ದಾಟಿ ಒಬ್ಬನೇ ಓಡುತ್ತಿದ್ದ. ಹಿಡಿಯುವವನಿದ್ದ, ಎಸೆಯುವವನಿದ್ದ, ಮಧ್ಯೆ ಒಂದು ಕ್ಷಣ ಇರಲಿಲ್ಲ. ಇಬ್ಬರ ವಾದವೂ ಒಂದೇ ಚಿತ್ರದಲ್ಲಿ ನಿಜವಾಯಿತು. ಅಂದು ರಾತ್ರಿ ನಮ್ಮ ಮನೆಯಲ್ಲಿ ಯಾರೂ ವಾದ ಮಾಡಲಿಲ್ಲ.

ಆ ಬೇಸಿಗೆಗೆ ಮುಂಚೆಯೇ ತಂಡ ಅಭಿಮಾನಿಗಳ ಮಾತು ಕೇಳಿತೆನ್ನಬೇಕು. ಬೇರೆ ತಂಡಗಳಿಂದ ಮೂವರು ಅನುಭವಿಗಳನ್ನು ಸಾಲಿಗೆ ತಂದರು: ಅಲೆಕ್ಸ್ ಕ್ಯಾಪಾ, ಟೆಡ್ ಕಾರಸ್, ಲಾಯೆಲ್ ಕಾಲಿನ್ಸ್. ಎಲ್ಲ ಸರಿಹೋಯಿತೆಂದು ಅಳಿಯಂದಿರು ಫೋನಿನಲ್ಲಿ ಹಿಗ್ಗಿದರು. ಸೆಪ್ಟೆಂಬರಿನ ಮೊದಲ ಪಂದ್ಯದಲ್ಲೇ ಬರೋ ಏಳು ಸಲ ಬಿದ್ದ, ಎರಡನೆಯದರಲ್ಲಿ ಆರು. ಒಳ್ಳೆಯ ಐವರು ಬಂದಿದ್ದರು. ಐವರ ಸಾಲು ಇನ್ನೂ ಆಗಿರಲಿಲ್ಲ. ತಿಂಗಳುಗಳು ಕಳೆದಂತೆ ಅದು ಕೂಡಿಕೊಂಡಿತು. ಆಮೇಲೆ ಮೂವರು ಗಾಯಗೊಂಡರು. 2023ರ ಜನವರಿಯಲ್ಲಿ ಬದಲಿ ಆಟಗಾರರಿದ್ದ ಅದೇ ಸಾಲು ಬಫಲೋದ ಹಿಮದಲ್ಲಿ 27-10ರಿಂದ ಗೆದ್ದಿತು. ವಾರದ ನಂತರ ಕ್ಯಾನ್ಸಸ್ ಸಿಟಿಯಲ್ಲಿ ಐದು ಸ್ಯಾಕ್ ತಿಂದು ಸೋತಿತು. ಮುಂದೆ ಸೂವೆಲ್ 2023 ಮತ್ತು 2024ರಲ್ಲಿ ದೇಶದ ಶ್ರೇಷ್ಠ ಟ್ಯಾಕಲ್‌ಗಳ ಸಾಲಿಗೆ ಸೇರಿದ. 2024ರಲ್ಲಿ ಚೇಸ್ 127 ಬಾರಿ ಚೆಂಡು ಹಿಡಿದು, 1,708 ಗಜ ಗಳಿಸಿ ಲೀಗಿಗೇ ಮೊದಲಿಗನಾದ. ಆ ಎರಡೂ ವರ್ಷ ಬೆಂಗಾಲ್ಸ್ ಪ್ಲೇಆಫ್ ತಲುಪಲಿಲ್ಲ. ಒಬ್ಬನ ಹೆಸರು ಹಿಡಿದು ತೀರ್ಪು ಕೊಡುವವರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆಪತ್ರಿಕೆ ಬೇಡ.

ಇಷ್ಟು ದೂರದ ಆಟದ ಬಗ್ಗೆ ಇಷ್ಟೊಂದು ಯಾಕೆ ಬರೆದೆ ಎಂದರೆ, ಇಂಥದೇ ತೀರ್ಪನ್ನು ನಾನೂ ಒಮ್ಮೆ ಕೊಟ್ಟವಳು.

ಅಮೆರಿಕಕ್ಕೆ ಹೋಗುವ ನಾಲ್ಕು ವರ್ಷ ಮೊದಲು ನಮ್ಮ ಶಾಲೆಯ ಹತ್ತನೆಯ ತರಗತಿಯ ಫಲಿತಾಂಶ ಬಿದ್ದಿತ್ತು. ಹೆಚ್ಚು ಮಕ್ಕಳು ಹೋದದ್ದು ಗಣಿತದಲ್ಲಿ. ಸಿಬ್ಬಂದಿ ಸಭೆಯಲ್ಲಿ ಎಲ್ಲರ ಎದುರು ನಾನೇ ಎದ್ದು ನಿಂತು, ‘ಗಣಿತಕ್ಕೆ ಒಬ್ಬರು ಒಳ್ಳೆಯವರು ಬಂದರೆ ಎಲ್ಲ ಸರಿಹೋಗುತ್ತದೆ’ ಎಂದೆ. ಗಣಿತದ ಮೇಷ್ಟ್ರು ಅಲ್ಲೇ ಕೂತಿದ್ದರು. ಮುಂದಿನ ವರ್ಗಾವಣೆಯಲ್ಲಿ ಅವರು ಹೊರಟುಹೋದರು. ಹೊಸಬರು ಬಂದರು, ಶ್ರಮಪಟ್ಟರು. ಫಲಿತಾಂಶ ಹೆಚ್ಚುಕಡಿಮೆ ಅಲ್ಲೇ ನಿಂತಿತು.

2022ರಲ್ಲಿ ಹಿಂದಿರುಗಿ ಬಂದವಳು ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗಳನ್ನು ಕೇಳಿ ಪಡೆದು ನೋಡಿದೆ. ಬರೀ ಅಂಕಿಗಳ ಲೆಕ್ಕವನ್ನು ಮಕ್ಕಳು ಮಾಡಿದ್ದರು. ಮೂರು ನಾಲ್ಕು ವಾಕ್ಯಗಳಲ್ಲಿ ಹೇಳಿದ ಲೆಕ್ಕದ ಮುಂದೆ ಖಾಲಿ ಜಾಗ. ಒಬ್ಬ ಹುಡುಗನನ್ನು ಕರೆದು ಓದಿಸಿದೆ. ಎರಡನೆಯ ವಾಕ್ಯದಲ್ಲೇ ತಡವರಿಸಿದ. ಅವನಿಗೆ ಬಾರದಿದ್ದುದು ಲೆಕ್ಕವಲ್ಲ, ಕನ್ನಡ. ಅವನಿಗೆ ಕನ್ನಡ ಕಲಿಸುತ್ತಿದ್ದವಳು ನಾನು.

ಆ ಮೇಷ್ಟ್ರು ಒಮ್ಮೆ ವರಾಂಡದಲ್ಲಿ, ‘ಮೇಡಂ, ಇವರಿಗೆ ಸ್ವಲ್ಪ ಓದಿಸಿ’ ಎಂದಿದ್ದರು. ದೂರು ಹೇಳುತ್ತಿದ್ದಾರೆಂದು ಮುಖ ತಿರುಗಿಸಿದ್ದೆ. ಅವರು ತಮ್ಮ ಕೈಯಲ್ಲಿದ್ದುದನ್ನು ನನಗೆ ಒಪ್ಪಿಸುತ್ತಿದ್ದರು, ನಾನು ತೆಗೆದುಕೊಳ್ಳಲಿಲ್ಲ. ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ಬಿಡಿ ಮೇಡಂ, ಹಳೇದು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಸಭೆಯ ದಿನ ಮನೆಗೆ ಹೋಗಿ ಊಟ ಮಾಡಿರಲಿಲ್ಲ’ ಎಂದೂ ಹೇಳಿದರು.

ಈಗ ವಾರಕ್ಕೊಂದು ಕನ್ನಡ ಪೀರಿಯಡ್‌ನಲ್ಲಿ ನಾನು ಗಣಿತ ಪುಸ್ತಕದ ವಾಕ್ಯಗಳನ್ನೇ ಓದಿಸುತ್ತೇನೆ. ಅದು ಯಾರ ಫಲಿತಾಂಶದ ಲೆಕ್ಕಕ್ಕೂ ಬರುವುದಿಲ್ಲ.

ಅಳಿಯಂದಿರು ಸೀಸನ್ ಶುರುವಾದಾಗಲೆಲ್ಲ ಫೋನಿನಲ್ಲಿ ಹಳೆಯ ರಾಗ ತೆಗೆಯುತ್ತಾರೆ. ‘ಈ ಸಲವೂ ಲೈನ್ ಸರಿಯಿಲ್ಲ ಅತ್ತೆ. ಒಬ್ಬ ಗಾರ್ಡ್‌ನ ಬದಲಾಯಿಸಲೇಬೇಕು’ ಎನ್ನುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: ‘ಬಿಟ್ಟುಹೋದದ್ದು ಯಾವ ಇಬ್ಬರ ನಡುವೆ, ನೋಡಿದಿರಾ?’